ಕಂದು ಕೋಟಿನಲ್ಲಿ ಉಳಿದುಹೋದದ್ದು

ಮೂರು ವರ್ಷದ ಹಿಂದಿನ ಮಾತು. ಶಿವರಾತ್ರಿಗೆ ಇನ್ನು ಹತ್ತು ದಿನವಿರುವಾಗ ನಾನು ಅರಸೀಕೆರೆಯಿಂದ ಅಮೆರಿಕಕ್ಕೆ ಹೊರಟೆ. ಊರು ನೋಡಲು ಹೋದದ್ದಲ್ಲ. ನನ್ನ ತಂಗಿ ಶಶಿಗೆ ಅಲ್ಲಿ ಮಂಡಿಯ ಆಪರೇಷನ್ ಆಗುವುದಿತ್ತು. ಅವಳ ಗಂಡ ರುದ್ರೇಶ ನಮ್ಮ ಹಗರೆ ಕಡೆಯವನು. ಡೈರಿ ವಿಷಯ ಓದಿಕೊಂಡು ಅಲ್ಲೊಂದು ಚೀಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಬೆಳಗಿನ ಐದು ಗಂಟೆಗೆ ಮನೆ ಬಿಟ್ಟರೆ ಮಧ್ಯಾಹ್ನ ಎರಡರ ಮೇಲೆಯೇ ಅವನು ಬರುವುದು. ಅವರಿಗೆ ಮಕ್ಕಳಿಲ್ಲ. "ಮೂರು ತಿಂಗಳು ಬಂದು ಇದ್ದು ಹೋಗೇ ಅಕ್ಕ, ಒಂದು ಲೋಟ ನೀರು ಕೊಡೋರೂ ಇಲ್ಲ ನನಗೆ" ಎಂದು ಶಶಿ ಫೋನಿನಲ್ಲಿ ಅತ್ತಳು. ನಮ್ಮದು ಕೊಬ್ಬರಿ ಮಂಡಿಯ ಮನೆ. ಕೆಲಸಕ್ಕೆ ಬಿಡುವು ಎಂಬುದಿಲ್ಲ. ಆದರೂ ನಮ್ಮ ಯಜಮಾನರು, ನಮ್ಮ ಅತ್ತೆ ಇಬ್ಬರೂ ಹೋಗಿ ಬಾ ಎಂದರು.

ಅಮೆರಿಕ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಟಿವಿಯಲ್ಲಿ ತೋರಿಸುವ ಎತ್ತರದ ಕಟ್ಟಡಗಳು. ಶಶಿಯ ಊರು ಹಾಗಿರಲಿಲ್ಲ. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ನಮ್ಮ ಹಾಸನದ ಹಾಗೆ ಅಂದುಕೊಳ್ಳಿ. ನಡುವೆ ಒಂದು ಹೊಳೆ, ಹೊಳೆಯ ಆಚೆ ಕಾರ್ಖಾನೆಗಳು, ಈಚೆ ಮನೆಗಳು. ಬೆಳಿಗ್ಗೆ ಎಂಟಾದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಶುಕ್ರವಾರ ಸಂಜೆಯಾದರೆ ಮೂಲೆಯ ಚರ್ಚಿನ ಹಾಲಿನಲ್ಲಿ ಇಡೀ ಬೀದಿಯವರು ಸೇರಿ ಊಟ ಮಾಡುತ್ತಿದ್ದರು. ಹಿಮ ಕರಗಿದ ಮೇಲೆ ಶನಿವಾರ ಬಂತೆಂದರೆ ಎಲ್ಲ ಗಂಡಸರೂ ಒಟ್ಟಿಗೆ ಹುಲ್ಲು ಕತ್ತರಿಸುವ ಮಿಷನ್ ಚಾಲೂ ಮಾಡುತ್ತಿದ್ದರು. ನಮ್ಮ ಕಡೆ ಹಿಟ್ಟಿನ ಗಿರಣಿ ಪಕ್ಕ ಮನೆ ಮಾಡಿದ ಹಾಗಿರುತ್ತಿತ್ತು.

ವಾರಕ್ಕೆ ಎರಡು ದಿನ ಶಶಿ ಮಲಗಿದ ಮೇಲೆ ನಾನು ಬಸ್ಸಿನಲ್ಲಿ ಲೈಬ್ರರಿಗೆ ಹೋಗಿ ಬರುತ್ತಿದ್ದೆ. ಓದುವುದಕ್ಕಲ್ಲ. ಅಲ್ಲಿ ಒಂದು ಮೂಲೆಯಲ್ಲಿ ವಯಸ್ಸಾದ ಹೆಂಗಸರು ಉಲ್ಲನ್ ಹೆಣೆಯುತ್ತಾ ಕೂರುತ್ತಿದ್ದರು. ಮೊದಲ ದಿನ ನಿಂತು ನೋಡುತ್ತಿದ್ದವಳಿಗೆ ಅವರೇ ಒಂದು ಕುರ್ಚಿ ಎಳೆದು ಕೊಟ್ಟರು. ಆಮೇಲೆ ಅದು ನನ್ನ ಕುರ್ಚಿಯೇ ಆಯಿತು. ಮಾತು ಅಷ್ಟಕ್ಕಷ್ಟೇ. ಕೈಗಳು ಮಾತಾಡಿಕೊಳ್ಳುತ್ತಿದ್ದವು.

ಇನ್ನು ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ನನಗೆ ಎಂಟು ವರ್ಷವಾಗಿದ್ದಾಗ ಹಳೇಬೀಡಿನ ತವರುಮನೆಯಲ್ಲಿ ಮಠದ ಅಯ್ಯನವರು ನನ್ನ ಕೊರಳಿಗೆ ಲಿಂಗ ಕಟ್ಟಿದರು. ನಿಂಬೆಹಣ್ಣಿನಷ್ಟು ದಪ್ಪದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಕರಡಿಗೆಯನ್ನು ಕೊರಳಿಗೆ ಕಟ್ಟುವ ಬಿಳಿಯ ನೂಲಿಗೆ ಶಿವದಾರ ಎನ್ನುತ್ತೇವೆ. ಆವತ್ತಿನಿಂದ ಸ್ನಾನ ಮಾಡುವಾಗಲೂ ಮಲಗುವಾಗಲೂ ಅದು ಮೈಮೇಲೇ. ಹೆರಿಗೆ ಆಸ್ಪತ್ರೆಯಲ್ಲೂ ನರ್ಸಮ್ಮನಿಗೆ ಹೇಳಿ ಬಲಗೈಗೆ ಕಟ್ಟಿಸಿಕೊಂಡಿದ್ದೆ. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆದು ಪೂಜೆ ಮಾಡಿ, ಆ ನೀರನ್ನು ತೀರ್ಥವೆಂದು ಕುಡಿದ ಮೇಲೆಯೇ ಬಾಯಿಗೆ ಬೇರೆ ಏನಾದರೂ. ಲಿಂಗ ಮೈಮೇಲಿಲ್ಲದಿದ್ದರೆ ನೀರೂ ಮುಟ್ಟಬಾರದೆಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಕಳೆದುಹೋದರೆ ಮತ್ತೆ ಗುರುಗಳ ಕೈಯಿಂದಲೇ ಕಟ್ಟಿಸಿಕೊಳ್ಳಬೇಕು.

ಪ್ರತಿ ವರ್ಷ ಶಿವರಾತ್ರಿಗೆ ನಮ್ಮ ಅತ್ತೆ ಮನೆಮಂದಿಗೆಲ್ಲ ಹೊಸ ಶಿವದಾರ ಹೊಸೆದು ಕೊಡುತ್ತಾರೆ. ಆ ವರ್ಷ ನಾನು ಹತ್ತು ದಿನ ಮುಂಚೆ ಹೊರಟಿದ್ದರಿಂದ ನನ್ನದನ್ನು ಮೊದಲೇ ಹೊಸೆದು ದೇವರ ಗೂಡಿನಲ್ಲಿ ಇಟ್ಟಿದ್ದರು. "ಮರೀದೆ ಕಟ್ಕೊಂಡು ಹೋಗು" ಎಂದು ನಾಲ್ಕು ಸಲ ಹೇಳಿದ್ದರು. ಉಪ್ಪಿನಕಾಯಿ, ಚಟ್ನಿಪುಡಿ, ಒಣಗಿಸಿದ ಬಿಲ್ವಪತ್ರೆ, ವಿಭೂತಿ ಗಟ್ಟಿ ಎಲ್ಲವನ್ನೂ ಕಟ್ಟಿಕೊಂಡೆ. ದಾರ ಮಾತ್ರ ಗೂಡಿನಲ್ಲೇ ಉಳಿಯಿತು. ಹಳೇ ದಾರದಲ್ಲೇ ಸಮುದ್ರ ದಾಟಿದೆ.

ಏಪ್ರಿಲ್ ಕೊನೆಯ ಒಂದು ಗುರುವಾರ. ಲೈಬ್ರರಿಯಿಂದ ಬರುವಾಗ ಬಸ್ಸಿನಲ್ಲಿ ಎದೆಯ ಹತ್ತಿರ ಏನೋ ಸಡಿಲವಾದ ಹಾಗಾಯಿತು. ದಾರ ಸವೆದು ಹರಿದಿತ್ತು. ಕರಡಿಗೆ ಕೆಳಗೆ ಬೀಳುವ ಮೊದಲೇ ಹಿಡಿದುಕೊಂಡೆ. ಊರಲ್ಲಾಗಿದ್ದರೆ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಅಲ್ಲಿ ಚಳಿಗೆಂದು ಚೂಡಿದಾರ, ಅದರ ಮೇಲೆ ಶಶಿಯ ಹಳೆಯ ಕಂದು ಕೋಟು. ಸೆರಗೆಲ್ಲಿಂದ ತರಲಿ? ಕರವಸ್ತ್ರದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಹಾಕಿದೆ. ಮನೆಗೆ ಹೋದ ತಕ್ಷಣ ಹೊಲಿಗೆ ಡಬ್ಬಿಯಿಂದ ನೂಲು ತೆಗೆದು ನಾಲ್ಕು ಎಳೆ ಹೊಸೆದುಕೊಳ್ಳೋಣ ಎಂದುಕೊಂಡೆ.

ಮನೆಗೆ ಬಂದರೆ ಶಶಿಯ ಕಾಲು ಊದಿಕೊಂಡಿತ್ತು. "ಅಕ್ಕ, ಐಸ್ ತಾರೇ, ತಡ್ಕಳಕ್ಕಾಗ್ತಿಲ್ಲ" ಎಂದು ಕೂಗುತ್ತಿದ್ದಳು. ಕೋಟು ಬಿಚ್ಚಿ ಬಾಗಿಲ ಹತ್ತಿರದ ಮೊಳೆಗೆ ಹಾಕಿ ಅವಳ ಹತ್ತಿರ ಓಡಿದೆ. ಐಸ್ ಇಟ್ಟೆ, ಕಾಲು ಒತ್ತಿದೆ, ಅಡುಗೆ ಮಾಡಿದೆ. ರಾತ್ರಿ ಊಟವಾದ ಮೇಲೆ ರುದ್ರೇಶ ಎರಡು ದೊಡ್ಡ ಪ್ಲಾಸ್ಟಿಕ್ ಚೀಲ ತಂದಿಟ್ಟ. ಅಲ್ಲಿ ಚಳಿಗಾಲ ಮುಗಿದ ಮೇಲೆ ಬೇಡದ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ ಮನೆ ಮುಂದೆ ಇಡುತ್ತಾರೆ. ಹಳೆ ಬಟ್ಟೆ ಮಾರಿ ಬಡವರಿಗೆ ನೆರವಾಗುವ ಒಂದು ಅಂಗಡಿಯವರು ಬೆಳಿಗ್ಗೆ ಲಾರಿಯಲ್ಲಿ ಬಂದು ತೆಗೆದುಕೊಂಡು ಹೋಗುತ್ತಾರೆ.

"ಅತ್ತಿಗೆ, ಆ ಕಂದು ಕೋಟೂ ಕೊಡೋದೇ. ನಿಮಗಿನ್ನೂ ಬೇಕಾ?" ಎಂದ ರುದ್ರೇಶ.

"ಬಿಸಿಲು ಬಂತಲ್ಲಪ್ಪ, ಇನ್ನೇನಕ್ಕೆ?" ಎಂದು ನಾನೇ ಆ ಕೋಟನ್ನು ತೆಗೆದೆ. ಬರಿ ತೆಗೆದದ್ದಲ್ಲ. ಮುದುಡಿದ ತೋಳು ನೇವರಿಸಿ, ನೀಟಾಗಿ ಮಡಿಸಿ, ಚೀಲದ ಮೇಲುಭಾಗದಲ್ಲಿ ಇಟ್ಟು, ಬಾಯಿ ಕಟ್ಟಿದೆ. "ಅತ್ತಿಗೆ ಕಟ್ಟಿದ ಮೂಟೆ ನೋಡಿ ಅಂಗಡಿಯೋರು ಇಸ್ತ್ರಿ ಅಂಗಡಿಯಿಂದ ಬಂತು ಅನ್ಕೋತಾರೆ" ಎಂದು ರುದ್ರೇಶ ನಕ್ಕ. ನಾನೂ ನಕ್ಕೆ.

ಇಷ್ಟು ದೊಡ್ಡ ವಿಷಯ ಹೇಗೆ ಮರೆತೆ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನಗೆ ಹೊಳೆಯುವ ಉತ್ತರ ಒಂದೇ. ಎಲ್ಲೋ ಇಟ್ಟ ವಸ್ತುವನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಕನ್ನಡಕ, ಬೀಗದ ಕೈ, ಮಾತ್ರೆ ಡಬ್ಬಿ. ಲಿಂಗವನ್ನು ನಾನು ಎಂದೂ ಎಲ್ಲೂ ಇಟ್ಟವಳೇ ಅಲ್ಲ. ಮೈಮೇಲಿರುವುದನ್ನು ನೆನಪಿಡುವ ಅಭ್ಯಾಸವೇ ನನಗಿರಲಿಲ್ಲ.

ಮರುದಿನ ಏಳು ಗಂಟೆಗೆ ಶಶಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗುವಾಗ ಲಾರಿ ಬಂದು ನಿಂತ ಸದ್ದು ಕೇಳಿತು. "ನೋಡು, ಹೇಳಿದ ಟೈಮಿಗೆ ಬಂದ್ರು" ಎಂದು ಮೆಚ್ಚಿಕೊಂಡೆ ಕೂಡ. ಆಮೇಲೆ ನನ್ನ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಪೂಜೆಗೆ ಕೂತು ಎದೆಗೆ ಕೈ ಹಾಕಿದೆ. ಕೈಗೆ ಬರಿ ಬಟ್ಟೆ ಸಿಕ್ಕಿತು.

"ಶಶೀ, ಲಿಂಗ ಇಲ್ಲ ಕಣೇ."

"ಏನಂದೆ?"

"ದಾರ ಹರೀತು ಅಂತ ಕೋಟಿನ ಜೇಬಲ್ಲಿ ಇಟ್ಟಿದ್ದೆ."

"ಯಾವ ಕೋಟು?"

ಇಬ್ಬರೂ ಬಾಗಿಲ ಹತ್ತಿರದ ಮೊಳೆಯ ಕಡೆ ನೋಡಿದೆವು. ಶಶಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಅಂಗಡಿಗೆ ಫೋನು ಮಾಡಿದರೆ ಮಿಷನ್ ಮಾತಾಡಿತು. ಒಂಬತ್ತಕ್ಕೆ ಬಾಗಿಲು ತೆಗೆಯುತ್ತಾರಂತೆ. ರುದ್ರೇಶನಿಗೆ ಮಾಡೋಣವೆಂದರೆ ಕಾರ್ಖಾನೆಯ ಒಳಗೆ ಫೋನು ಒಯ್ಯುವ ಹಾಗಿಲ್ಲ. "ಎರಡು ಗಂಟೆಗೆ ಅವರು ಬತ್ತಾರೆ. ಕಾರಲ್ಲೇ ಹೋಗಿ ಹುಡುಕ್ಕೊಂಡು ಬರೋರಂತೆ, ಇರೇ" ಎಂದಳು ಶಶಿ.

"ಅಷ್ಟೊತ್ತಿಗೆ ಯಾವಳೋ ಒಬ್ಬಳು ಆ ಕೋಟು ಹಾಕ್ಕೊಂಡು ಹೋಗಿರ್ತಾಳೆ. ನಾನೇ ಹೋಗ್ತೀನಿ."

"ಒಂದು ಲೋಟ ಹಾಲಾದ್ರೂ ಕುಡಿದು ಹೋಗು."

"ಮುಟ್ಟಲ್ಲ."

"ನಿಂಗೆ ಶುಗರ್ ಐತೆ ಕಣೇ ಅಕ್ಕ! ದಾರೀಲಿ ಬಿದ್ರೆ ಈ ಕಾಲಿಟ್ಕೊಂಡು ನಾನು ಬಂದು ಎತ್ತಲಾ?"

"ಬೀಳಲ್ಲ ಬಿಡು."

"ಬಿದ್ದೋರೆಲ್ಲ ಹಂಗೇ ಅಂದಿರ್ತಾರೆ" ಎಂದು ಅವಳು ಅಳುವುದಕ್ಕೆ ಶುರುಮಾಡಿದಳು. ಅವಳು ಹೇಳಿದ್ದು ಸುಳ್ಳಲ್ಲ. ರಾತ್ರಿ ಎಂಟರಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊತ್ತು ಮೀರಿದರೆ ನನಗೆ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆಯಾಗುತ್ತದೆ. ಆದರೆ ರಾತ್ರಿ ಉಂಡದ್ದು ಮರೆವಿನಲ್ಲಿ. ಈಗ ಗೊತ್ತಿದ್ದೂ ನಲವತ್ತೈದು ವರ್ಷ ಮಾಡಿಕೊಂಡು ಬಂದದ್ದನ್ನು ಒಂದು ಲೋಟ ಹಾಲಿಗೆ ಬಿಡುವುದು ಹೇಗೆ? ಸಿಗದೇ ಹೋದರೆ ಊರಿಗೆ ಹೋಗಿ ಅಯ್ಯನವರ ಮುಂದೆ ಕೂರುವ ತನಕ ಏನು ಗತಿ ಎಂಬ ಯೋಚನೆಯನ್ನು ನಾನು ಪೂರ್ತಿ ಮಾಡಲಿಲ್ಲ. ಅರ್ಧಕ್ಕೇ ನಿಲ್ಲಿಸಿದೆ.

ಶಶಿ ಒಂದು ಚೀಟಿಯಲ್ಲಿ ಅಂಗಡಿಯ ವಿಳಾಸ ಬರೆದು ಕೊಟ್ಟಳು. ಫೋನು ಕೈಯಲ್ಲೇ ಇಟ್ಟುಕೊಳ್ಳಬೇಕು, ನನಗೆ ಇಂಗ್ಲಿಷ್ ಅಷ್ಟಾಗಿ ಬಾರದ್ದರಿಂದ ಏನಿದ್ದರೂ ತಾನೇ ಫೋನಿನಲ್ಲಿ ಮಾತಾಡುತ್ತೇನೆ ಎಂದು ಆಣೆ ಹಾಕಿಸಿಕೊಂಡಳು. ಬಸ್ಸಿನ ಡ್ರೈವರು ಲೈಬ್ರರಿಗೆ ಹೋಗುವಾಗ ನೋಡಿದವನೇ, ದಪ್ಪ ಮೀಸೆಯವನು. ಚೀಟಿ ಓದಿ ತಲೆಯಾಡಿಸಿದ. ಬಸ್ಸು ಬದಲಾಯಿಸುವ ಕಡೆ ಅವನೇ ಇಳಿದು ಬಂದು, ಎದುರಿಗೆ ನಿಂತಿದ್ದ ಇನ್ನೊಂದು ಬಸ್ಸಿಗೆ ನನ್ನನ್ನು ಹತ್ತಿಸಿ, ಅದರ ಡ್ರೈವರಿಗೆ ಏನೋ ಹೇಳಿ ಹೋದ. ತುಂಬಿದ ಬಸ್ಸು ಹಾಗೇ ಕಾಯುತ್ತಿತ್ತು. ಒಬ್ಬರೂ ಗೊಣಗಲಿಲ್ಲ.

ಅಂಗಡಿ ಒಂದು ದೊಡ್ಡ ಗೋಡೌನಿನ ಹಾಗಿತ್ತು. ಮುಂದೆ ಮಾರಾಟ, ಹಿಂದೆ ಬಟ್ಟೆ ವಿಂಗಡಿಸುವ ಕೋಣೆ. ಕೌಂಟರಿನಲ್ಲಿ ಕೂದಲಿಗೆ ಹಸಿರು ಬಣ್ಣ ಹಚ್ಚಿದ್ದ ಒಬ್ಬಳು ಹುಡುಗಿ. ನಾನು ಫೋನನ್ನು ಅವಳ ಮುಂದೆ ಹಿಡಿದೆ. ಶಶಿ ಅತ್ತಲಿಂದ ಹೇಳಿದ್ದನ್ನೆಲ್ಲ ಹುಡುಗಿ ಕೇಳಿ, ಮರ್ಯಾದೆಯಿಂದಲೇ ತಲೆ ಅಡ್ಡಡ್ಡ ಆಡಿಸಿದಳು.

"ಹಿಂದಿನ ಕೋಣೆಗೆ ಹೊರಗಿನೋರನ್ನ ಬಿಡಲ್ವಂತೆ ಅಕ್ಕ. ಸಿಕ್ಕಿದ್ರೆ ಫೋನ್ ಮಾಡ್ತೀವಿ, ನಂಬರ್ ಬರೆದು ಹೋಗಿ ಅಂತಾಳೆ."

ನಾನು ಕೌಂಟರು ಹಿಡಿದುಕೊಂಡು ಅಲ್ಲೇ ನಿಂತೆ. ಜಗಳವಾಡಲಿಲ್ಲ, ಹೊರಡಲೂ ಇಲ್ಲ. ಆ ಹುಡುಗಿಗೂ ಪಾಪ ಏನು ಮಾಡಬೇಕೋ ತೋಚದೆ ಒಳಗೆ ಹೋಗಿ ಒಬ್ಬ ಹೆಂಗಸನ್ನು ಕರೆತಂದಳು. ಅರವತ್ತು ದಾಟಿರಬಹುದು. ಕಪ್ಪು ಮೈಬಣ್ಣ, ನೆರೆತ ಕೂದಲು, ಅಗಲ ಮೈ, ಮೂಗಿನ ತುದಿಯಲ್ಲಿ ಕನ್ನಡಕ. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಡೋರಿಸ್ ಎಂದಿತ್ತು. ವಿಂಗಡಿಸುವ ಕೋಣೆಯ ಯಜಮಾನಿಕೆ ಅವರದೇ.

ಡೋರಿಸ್ ಕೇಳಿದ ಮೊದಲ ಮಾತನ್ನು ಶಶಿ ಕನ್ನಡದಲ್ಲಿ ಹೇಳಿದಳು. "ಕಳೆದಿರೋದು ಎಷ್ಟು ಬೆಲೆಯದು ಅಂತಾರೆ."

"ಬೆಲೆ ಏನೂ ಇಲ್ಲ ಅನ್ನು. ನನ್ನ ದೇವರು ಅನ್ನು."

ಶಶಿ ಅದನ್ನೇ ಹೇಳಿರಬೇಕು. ಡೋರಿಸ್ ಕನ್ನಡಕ ಮೇಲೇರಿಸಿ ನನ್ನ ಹಣೆಯ ವಿಭೂತಿ ನೋಡಿದರು, ಕೌಂಟರು ಹಿಡಿದಿದ್ದ ನನ್ನ ಕೈ ನೋಡಿದರು. ಆಮೇಲೆ ಗೋಡೆಯ ಮೊಳೆಯಿಂದ ಒಂದು ನೀಲಿ ಏಪ್ರನ್ ತೆಗೆದು ನನ್ನ ಕೊರಳಿಗೆ ಹಾಕಿ ಏನೋ ಅಂದರು. ಹಸಿರು ಕೂದಲಿನ ಹುಡುಗಿ ಕಿಸಕ್ಕನೆ ನಕ್ಕಳು.

"ಹೊರಗಿನೋರನ್ನ ತಾನೆ ಬಿಡಬಾರದು, ಈಯಮ್ಮ ಇವತ್ತು ಇಲ್ಲಿ ಕೆಲಸಕ್ಕೆ ಬಂದವಳೆ ಅಂತಾರೆ ಅಕ್ಕ" ಎಂದಳು ಶಶಿ. ಅವಳ ಅಳು ನಿಂತಿತ್ತು.

ಒಳಗೆ ಬಟ್ಟೆಯ ಗುಡ್ಡವೇ ಇತ್ತು. ಉದ್ದನೆಯ ಮೇಜು, ಅದರ ಸುತ್ತ ಮೂರು ಜನ ಹೆಂಗಸರು. ರೇಡಿಯೋ ಹಾಡುತ್ತಿತ್ತು. ಡೋರಿಸ್ ಮೊದಲು ನನ್ನನ್ನು ಒಂದು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಒಂದು ಮರದ ಶೆಲ್ಫು. ಅದರ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ವಸ್ತುಗಳು. ಒಂದು ಹಲ್ಲುಸೆಟ್ಟು, ಜಪಮಾಲೆ, ಹಾಲುಹಲ್ಲು ಕಟ್ಟಿದ್ದ ಕಾಗದ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಕೈಗೆ ಕಟ್ಟುವ ಪಟ್ಟಿ, ಮಿಲಿಟರಿ ಬಟ್ಟೆ ಹಾಕಿದ ಒಬ್ಬ ಹುಡುಗನ ಫೋಟೋ. ಎಲ್ಲ ಬಟ್ಟೆಯ ಜೇಬುಗಳಲ್ಲಿ ಸಿಕ್ಕಿದ್ದಂತೆ. ಒಂದೊಂದರ ಕೆಳಗೂ ಸಿಕ್ಕಿದ ದಿನ, ಯಾವ ಬೀದಿಯ ಚೀಲ ಎಂದು ಚೀಟಿ ಇತ್ತು. ನನ್ನ ಕರಡಿಗೆ ಅಲ್ಲಿ ಇರಲಿಲ್ಲ.

"ಇವನ್ನ ಎಷ್ಟು ದಿನ ಇಟ್ಕೋತೀರಿ ಅಂತ ಕೇಳೇ" ಎಂದೆ. ಅಂಥ ಹೊತ್ತಿನಲ್ಲೂ ನನಗೆ ಆ ಕುತೂಹಲ.

"ಬರೋ ತನಕ ಅಂತಾರೆ."

ಆ ಬೆಳಗಿನ ಲಾರಿಯಲ್ಲಿ ಎಂಬತ್ತಕ್ಕೂ ಹೆಚ್ಚು ಚೀಲ ಬಂದಿದ್ದವು. ಎಲ್ಲ ಒಂದೇ ಬಿಳಿ ಬಣ್ಣದವು. ನಾನೂ ಮೇಜಿನ ಮುಂದೆ ನಿಂತೆ. ಮೊದಲು ಜೇಬು ನೋಡಬೇಕು, ಆಮೇಲೆ ಗುಂಡಿ, ಆಮೇಲೆ ಕಲೆ. ಚೆನ್ನಾಗಿದ್ದರೆ ಹ್ಯಾಂಗರಿಗೆ, ಹರಿದಿದ್ದರೆ ಚಿಂದಿ ತೊಟ್ಟಿಗೆ. ನನಗೆ ಇದೇನು ಹೊಸದಲ್ಲ. ನಮ್ಮ ಮಂಡಿಯಲ್ಲಿ ಹೆಂಗಸರ ಜೊತೆ ಕೂತು ಉಂಡೆ ಕೊಬ್ಬರಿ ಆರಿಸಿದವಳು ನಾನು. ಒಂದೊಂದನ್ನೂ ಕೈಯಲ್ಲಿ ಎತ್ತಿದರೆ ಸಾಕು, ಒಳಗೆ ಗಟ್ಟಿ ಇದೆಯೋ ಬೂಸಲು ಬಂದಿದೆಯೋ ತೂಕದಲ್ಲೇ ಗೊತ್ತಾಗುತ್ತದೆ. ಫೋನು ಏಪ್ರನ್ನಿನ ಜೇಬಿನಲ್ಲಿತ್ತು. ಹೊಟ್ಟೆಯ ಹತ್ತಿರದಿಂದ ಶಶಿ ಐದೈದು ನಿಮಿಷಕ್ಕೆ "ಸಿಕ್ತಾ ಅಕ್ಕ?" ಎನ್ನುತ್ತಿದ್ದಳು. ಮೇಜಿನ ಸುತ್ತಲಿನ ಹೆಂಗಸರು ಮೊದಮೊದಲು ಬೆಚ್ಚಿದರು, ಆಮೇಲೆ ನನಗಿಂತ ಮುಂಚೆ ಅವರೇ ನನ್ನ ಜೇಬಿನ ಕಡೆ ಬಾಗಿ "ನೋ, ನೋ" ಎಂದು ಉತ್ತರ ಕೊಡತೊಡಗಿದರು.

ಹನ್ನೊಂದಾಯಿತು. ಚೀಲ ಅರ್ಧ ಮುಗಿದಿತ್ತು. ನನ್ನ ಬೆರಳು ನಡುಗುವುದಕ್ಕೆ ಶುರುವಾಯಿತು. ಒಂದು ಶರಟಿನ ಗುಂಡಿ ಹಾಕಲು ಮೂರು ಸಲ ಪ್ರಯತ್ನಿಸಿದೆ. ಕುತ್ತಿಗೆಯಲ್ಲಿ ತಣ್ಣನೆಯ ಬೆವರು. ಡೋರಿಸ್ ನೋಡಿಬಿಟ್ಟರು. ಕುರ್ಚಿ ತಂದು ನನ್ನನ್ನು ಕೂರಿಸಿ, ಕಿತ್ತಲೆ ಜ್ಯೂಸಿನ ಬಾಟಲಿ ತೆಗೆದು ಬಾಯಿಯ ಹತ್ತಿರ ಹಿಡಿದರು. ನಾನು ಕೈ ಅಡ್ಡ ಹಿಡಿದೆ. ಅವರು ಮತ್ತೆ ಹಿಡಿದರು. ನಾನು ಮತ್ತೆ ತಲೆ ತಿರುಗಿಸಿದೆ. ಜೇಬಿನಲ್ಲಿದ್ದ ಶಶಿ ಎಲ್ಲ ವಿವರಿಸಿ, ನನಗೆ ಶುಗರ್ ಇರುವುದನ್ನೂ ಹೇಳಿಬಿಟ್ಟಳು. ಡೋರಿಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಜೋರು ಮಾಡಿದರು.

"ನನ್ನ ಕೋಣೇಲಿ ಯಾರೂ ಬೀಳಂಗಿಲ್ಲ. ನೀನು ಕೂತಿರು, ಹುಡುಕೋದು ನಮ್ಮ ಕೆಲಸ. ಇನ್ನು ಅರ್ಧ ಗಂಟೆ ಕೊಡ್ತೀನಿ. ಆಮೇಲೆ ದೇವರ ಹತ್ರ ನಾನೇ ಮಾತಾಡ್ಕೋತೀನಿ, ನೀನು ಕುಡೀಬೇಕು ಅಂತಾರೆ ಅಕ್ಕ. ಅವರು ಹೇಳಿದಂಗೆ ಕೇಳೇ, ನಿನ್ನ ಕಾಲಿಗೆ ಬೀಳ್ತೀನಿ."

ನಾನು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ರೇಡಿಯೋ ಯಾರೋ ಸಣ್ಣಗೆ ಮಾಡಿದರು. ಮೂರು ಹೆಂಗಸರೂ ಡೋರಿಸ್ಸೂ ಚೀಲದ ಮೇಲೆ ಚೀಲ ಬಿಚ್ಚಿದರು. ಕೆಲಸದ ಕ್ರಮವನ್ನೆಲ್ಲ ಬಿಟ್ಟು ಬರಿ ಕೋಟುಗಳನ್ನು ಎಳೆದೆಳೆದು ಹಾಕುತ್ತಿದ್ದರು. ಅಷ್ಟರಲ್ಲಿ ಹಸಿರು ಕೂದಲಿನ ಹುಡುಗಿ ಮುಂದಿನ ಅಂಗಡಿಯಿಂದ ಓಡಿಬಂದಳು. ಕೈಯಲ್ಲಿ ಕಂದು ಕೋಟು. ಚೀಲದ ಮೇಲುಗಡೆಯೇ ನೀಟಾಗಿ ಮಡಿಸಿ ಇಟ್ಟಿದ್ದರಿಂದ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಅದನ್ನೇ ಮಾರಾಟಕ್ಕೆ ತೂಗುಹಾಕಿದ್ದರಂತೆ.

ನಾನು ಎದ್ದು ಕಸಿದುಕೊಂಡ ಹಾಗೆ ತೆಗೆದುಕೊಂಡೆ. ಒಳಜೇಬಿಗೆ ಕೈ ಹಾಕಿದೆ. ಕರವಸ್ತ್ರ ಸಿಕ್ಕಿತು. ಬರಿ ಕರವಸ್ತ್ರ. ಅದರೊಳಗೆ ಏನೂ ಇರಲಿಲ್ಲ. ಬೇರೆ ಜೇಬು ನೋಡಿದೆ, ತೋಳಿನೊಳಗೆ ನೋಡಿದೆ. ಇಲ್ಲ. ಡೋರಿಸ್ ಮೂರು ಹೆಂಗಸರ ಕಡೆ ತಿರುಗಿ ಏನೋ ಕೇಳಿದರು. ಒಬ್ಬೊಬ್ಬರೂ ಇಲ್ಲವೆಂದು ತಲೆಯಾಡಿಸಿದರು. ಜೇಬಿನಿಂದ ಶಶಿ "ಸಿಕ್ತಾ?" ಎಂದದ್ದಕ್ಕೆ ಈ ಸಲ ಯಾರೂ ಉತ್ತರ ಕೊಡಲಿಲ್ಲ.

ಮುಗಿಯಿತು ಎಂದುಕೊಂಡೆ. ಅವರನ್ನು ಇನ್ನೂ ಕಾಡಿಸಬಾರದೆನ್ನಿಸಿತು. ಕೋಟನ್ನು ಹಾಗೇ ಬಿಸಾಕಿ ಬರುವ ಮನಸ್ಸಾಗದೆ, ಹ್ಯಾಂಗರಿಗೆ ಹಾಕಿ, ಭುಜ ಸರಿಮಾಡಿ ಕಂಬಿಗೆ ತೂಗುಹಾಕಿದೆ. ನನ್ನ ಹುಟ್ಟುಗುಣ, ಏನು ಮಾಡಲಿ? ಎಡಗಡೆ ಅಂಚು ಬಲಗಡೆಗಿಂತ ಒಂದು ಬೆರಳಿನಷ್ಟು ಜಗ್ಗಿತ್ತು. ಸರಿಮಾಡಿದೆ. ಮತ್ತೆ ಜಗ್ಗಿತು.

ಆಗ ಕೈಗೆ ನೆನಪಾಯಿತು. ತಲೆಗಲ್ಲ, ಕೈಗೆ. ಕೋಟಿನ ಎರಡು ಅಂಚನ್ನೂ ಎರಡು ಅಂಗೈಯಲ್ಲಿ, ಮಂಡಿಯಲ್ಲಿ ಎರಡು ಕೊಬ್ಬರಿ ತೂಗಿ ನೋಡುವ ಹಾಗೆ, ಎತ್ತಿ ನೋಡಿದೆ. ಎಡಗೈಯಲ್ಲಿ ಭಾರ ಇತ್ತು. ಅಂಚನ್ನು ಹಿಸುಕಿದೆ. ಒಳಗೆ, ಹೊರಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ, ನಿಂಬೆಹಣ್ಣಿನಷ್ಟು ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು. ಒಳಜೇಬಿನ ಮೂಲೆ ಹರಿದಿತ್ತು. ಕರವಸ್ತ್ರ ಮೇಲೇ ಉಳಿದು ಕರಡಿಗೆ ಅಸ್ತರಿಯೊಳಗೆ ಜಾರಿ ಕೆಳಕ್ಕೆ ಇಳಿದುಬಿಟ್ಟಿತ್ತು.

ನಾನು ಏನೋ ಕೂಗಿದೆನಂತೆ. ಏನು ಕೂಗಿದೆ ಗೊತ್ತಿಲ್ಲ. ಶಶಿ ಈಗಲೂ "ನಾನು ನೀನು ಬಿದ್ದೇ ಹೋದೆ ಅನ್ಕೊಂಡೆ" ಎಂದು ಬೈಯುತ್ತಾಳೆ. ಡೋರಿಸ್ ಕತ್ತರಿ ತಂದು, ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದರು. ಕರಡಿಗೆ ಕಂಡಾಗ ಅವರು ಕೈ ಹಾಕಲಿಲ್ಲ. ಹಿಂದೆ ಸರಿದು, ನೀನೇ ತೆಗೆದುಕೋ ಎಂದು ಸನ್ನೆ ಮಾಡಿದರು. ಯಾರು ಹೇಳಿಕೊಟ್ಟಿದ್ದರು ಅವರಿಗೆ?

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಅವರು ಊಟ ಮಾಡುವ ಸಣ್ಣ ಕೋಣೆಯಲ್ಲಿ ನಲ್ಲಿ ಇತ್ತು. ಕೈಕಾಲು ಮುಖ ತೊಳೆದುಕೊಂಡೆ. ಡೋರಿಸ್ ಒಂದು ಹೊಸ ಕಾಗದದ ಲೋಟದಲ್ಲಿ ನೀರು ಹಿಡಿದು ಕೊಟ್ಟರು. ಪರ್ಸಿನಲ್ಲಿ ಯಾವಾಗಲೂ ಇರುವ ವಿಭೂತಿ ಇತ್ತು, ಪತ್ರೆ ಇರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೆ. ಯಾರೋ ಹೋಗಿ ರೇಡಿಯೋ ಪೂರ್ತಿ ನಿಲ್ಲಿಸಿದರು. ಕಣ್ಣು ಬಿಟ್ಟಾಗ ಮೂವರು ಹೆಂಗಸರೂ ಹಸಿರು ಕೂದಲಿನ ಹುಡುಗಿಯೂ ಬಾಗಿಲಲ್ಲಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ತೀರ್ಥ ಕುಡಿದೆ. ಆ ಊರಿನ ನಲ್ಲಿ ನೀರಿನ ರುಚಿ ಇನ್ನೂ ನನ್ನ ನಾಲಿಗೆಯಲ್ಲಿದೆ. ಆಮೇಲೆ ಡೋರಿಸ್ ಬಾಟಲಿಯ ಮುಚ್ಚಳ ತೆಗೆದು, ಮೇಷ್ಟ್ರ ಹಾಗೆ ನಿಂತು ಜ್ಯೂಸು ಪೂರ್ತಿ ಕುಡಿಸಿದರು. ತಮ್ಮ ಡಬ್ಬಿಯಿಂದ ಬಾಳೆಹಣ್ಣು, ಬ್ರೆಡ್ಡು ಕೊಟ್ಟರು. ಅವರ ಮಧ್ಯಾಹ್ನದ ಊಟ ಅದು. ನನಗೆ ಆಗ ಹೊಳೆಯಲಿಲ್ಲ, ತಿಂದುಬಿಟ್ಟೆ.

ಇನ್ನು ಕಟ್ಟಿಕೊಳ್ಳಲು ದಾರ ಬೇಕಲ್ಲ. ಹರಿದ ತುದಿಗಳನ್ನು ತೋರಿಸಿದೆ. ಡೋರಿಸ್ ಅತ್ತಿತ್ತ ಹುಡುಕಿ ಒಂದು ಪೊಟ್ಟಣ ತಂದರು. ಒಳಗೆ ಬಿಳಿಯ ದಾರ, ಎರಡು ತುದಿಗೂ ಪ್ಲಾಸ್ಟಿಕ್ಕಿನ ಮೂತಿ. ಬೂಟಿನ ಲೇಸು! ನನ್ನ ಮುಖ ನೋಡಿ ಅವರು ಪೊಟ್ಟಣವನ್ನು ತಿರುಗಿಸಿ, ಇನ್ನೂ ಒಡೆಯದ ಅಂಟು ತೋರಿಸಿದರು. ಯಾರ ಬೂಟನ್ನೂ ಮುಟ್ಟಿದ್ದಲ್ಲ ಎಂದು. ಆಮೇಲೆ ತಾವೇ ಒಡೆದು, ನಲ್ಲಿಯಡಿ ಹಿಡಿದು, ಎರಡು ಸಲ ಸೋಪು ಹಚ್ಚಿ ತೊಳೆದು, ಹಿಂಡಿ ಕೊಟ್ಟರು. ನಾನು ಕರಡಿಗೆಗೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡೆ. ಒದ್ದೆ ದಾರ ತಣ್ಣಗಿತ್ತು.

ಥ್ಯಾಂಕ್ಸ್ ಎನ್ನುವುದು ಗೊತ್ತಿತ್ತು. ಅಷ್ಟೇ ಅಂದರೆ ಸಾಲದು ಎನ್ನಿಸಿತು. ಏಪ್ರನ್ ಬಿಚ್ಚದೆ ಮತ್ತೆ ಮೇಜಿನ ಮುಂದೆ ನಿಂತು, ನನಗಾಗಿ ಅವರು ಕೆದರಿ ಹಾಕಿದ್ದ ಕೋಟುಗಳನ್ನೆಲ್ಲ ಮಡಿಸತೊಡಗಿದೆ. ಎರಡೂವರೆಗೆ ರುದ್ರೇಶ ಕಾರು ತಂದಾಗಲೂ ಮಡಿಸುತ್ತಿದ್ದೆ. "ಅತ್ತಿಗೆ, ವೀಸಾದಲ್ಲಿ ಕೆಲಸ ಮಾಡಂಗಿಲ್ಲ ಕಣ್ರೀ, ಬನ್ನಿ" ಎಂದು ಅವನು ಕೈ ಹಿಡಿದು ಎಬ್ಬಿಸಿದ.

ಶಶಿ ಆಮೇಲೆ ಹೊಲಿಗೆ ನೂಲು ಕೊಟ್ಟಳು. ನಾನು ದಾರ ಬದಲಾಯಿಸಲಿಲ್ಲ. ಅದೇ ಲೇಸಿನಲ್ಲಿ ಮೇ ಕೊನೆಗೆ ಊರಿಗೆ ಬಂದೆ. ವಿಮಾನದಲ್ಲಿ ಬರುವಾಗ ಒಂದೇ ಯೋಚನೆ, ನಮ್ಮ ಅತ್ತೆಗೆ ಏನು ಹೇಳಲಿ? ಚಪ್ಪಲಿ ಬಿಟ್ಟ ಜಾಗದಲ್ಲಿ ನೀರು ಚಿಮುಕಿಸುವ ಹೆಂಗಸು ಅವರು.

ಬಂದ ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಅವರ ಕಣ್ಣಿಗೆ ಬಿದ್ದೇ ಬಿತ್ತು.

"ಇದೇನೇ ಗಿರಿಜಾ ಇದು, ಬೂಟಿನ ದಾರ ಇದ್ದಂಗೈತೆ?"

"ಬೂಟಿನ ದಾರಾನೇ ಅತ್ತೆ."

ಏನೂ ಮುಚ್ಚಿಡದೆ ಎಲ್ಲ ಹೇಳಿದೆ. ಬಸ್ಸು, ಏಪ್ರನ್ನು, ಶೆಲ್ಫು, ಜ್ಯೂಸು, ಎರಡು ಸಲ ಸೋಪು. ಮುಗಿದ ಮೇಲೆ ಅವರು ಎದ್ದು ದೇವರ ಗೂಡಿನ ಹತ್ತಿರ ಹೋದರು. ನನಗಾಗಿ ಹೊಸೆದಿಟ್ಟಿದ್ದ ಶಿವದಾರ ಅಲ್ಲೇ ಇತ್ತು. ಅದನ್ನು ಕೈಗೆ ತೆಗೆದುಕೊಂಡು ಬಂದು ನನ್ನ ಮುಂದೆ ಕೂತರು. ಬಿಚ್ಚು ಎನ್ನುತ್ತಾರೆಂದು ನಾನು ಕೊರಳಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಸರಿಸಿ, ಆ ಲೇಸನ್ನು ಎರಡು ಬೆರಳಲ್ಲಿ ಎಳೆದು ನೋಡಿದರು.

"ಗಟ್ಟಿಯಾಗೈತೆ" ಎಂದರು. "ನಾ ಹೊಸೆದಿದ್ದು ಗೂಡಲ್ಲೇ ಕೂತಿತ್ತು ಕಣವ್ವ. ನಿನ್ನ ಜೊತೆ ಬಂದಿದ್ದು ಇದು. ಇರ್ಲಿ ಬಿಡು, ಮುಂದಿನ ಶಿವರಾತ್ರಿಗೆ ನೋಡನ" ಎಂದು ತಾವು ಹೊಸೆದ ದಾರವನ್ನು ಮತ್ತೆ ಗೂಡಿನಲ್ಲಿಟ್ಟರು.

ಮುಂದಿನ ಶಿವರಾತ್ರಿಗೆ ಹೊಸ ದಾರ ಕಟ್ಟಿಕೊಂಡೆ. ಆ ಲೇಸು ಈಗ ಪೂಜೆಯ ಪೆಟ್ಟಿಗೆಯಲ್ಲಿದೆ. ನಮ್ಮ ಬೀದಿಗೆ ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ತಿಂಗಳಿಗೊಮ್ಮೆ ಬರುತ್ತಾಳೆ. ಜೇಬು ನೋಡದೆ, ಅಂಚು ಹಿಸುಕದೆ ನಾನು ಅವಳಿಗೆ ಒಂದು ಬಟ್ಟೆಯನ್ನೂ ಕೊಡುವುದಿಲ್ಲ. ಅವಳಿಗೂ ಅಭ್ಯಾಸವಾಗಿದೆ. ಮೊನ್ನೆ ಅವಳೇ ಬಾಗಿಲಲ್ಲಿ ನಿಂತು, ಪಕ್ಕದ ಬೀದಿಯ ಯಾರದೋ ಶರಟಿನಲ್ಲಿ ಸಿಕ್ಕಿತೆಂದು ಒಂದು ಮಗುವಿನ ಫೋಟೋ ಕೊಟ್ಟು ಹೋದಳು. "ಯಾರ ಮನೇದು ಅಂತ ಗೊತ್ತಾಗ್ನಿಲ್ಲ ಕಣಕ್ಕ. ನೀನಾದ್ರೆ ಇಟ್ಕಂಡಿರ್ತೀಯ" ಎಂದಳು.

ಅಡುಗೆ ಮನೆಯ ಕಿಟಕಿಯ ಪಕ್ಕದ ಶೆಲ್ಫಿನ ಮೇಲೆ ಇಟ್ಟಿದ್ದೇನೆ. ಕೆಳಗೆ ಒಂದು ಚೀಟಿಯಲ್ಲಿ ದಿನ, ಬೀದಿ ಬರೆದಿದ್ದೇನೆ. ಎಷ್ಟು ದಿನ ಇಟ್ಟುಕೊಳ್ಳುತ್ತೀಯ ಎಂದು ನಮ್ಮ ಯಜಮಾನರು ಕೇಳಿದರು. ಬರುವ ತನಕ ಎಂದೆ.